ಗಡಿಯರಿಯದ ಹಿಂಡು

ಆಗಸ್ಟ್ ತಿಂಗಳ ಒಂದು ಮುಂಜಾನೆ, ಮಕ್ಕಳೊಡನೆ ನಾವು ಕೀನ್ಯಾದ ಮಸಾಯಿ ಮಾರಾ ವನ್ಯಧಾಮದಲ್ಲಿ ಮಾರಾ ನದಿಯ ದಂಡೆಯ ಮೇಲೆ ಜೀಪಿನಲ್ಲಿ ಕುಳಿತಿದ್ದೆವು. ಎದುರು ದಡದಲ್ಲಿ ದನದ ಕೊಂಬು, ಕುದುರೆಯ ಬಾಲವುಳ್ಳ ವಿಲ್ಡಬೀಸ್ಟ್‌ಗಳು ಸಾವಿರಗಟ್ಟಲೆ ನೆರೆದಿದ್ದವು. ಬಹಳ ಹೊತ್ತು ಹಿಂದುಮುಂದು ನೋಡಿದ ಹಿಂಡು, ಮುಂದಿನದೊಂದು ಧುಮುಕಿದೊಡನೆ ತಾನೂ ನೀರಿಗಿಳಿಯಿತು. ಮೊಸಳೆಯೊಂದು ಕರುವನ್ನು ಸೆಳೆದೊಯ್ದಾಗ ನಮ್ಮ ಕಿರಿಯ ಮಗಳು ಮುಖ ಮುಚ್ಚಿಕೊಂಡಳು.

ಸುಮಾರು 13 ಲಕ್ಷ ವಿಲ್ಡಬೀಸ್ಟ್‌ಗಳು ಹಸಿಹುಲ್ಲನ್ನರಸಿ ಮಳೆಯ ಬೆನ್ನು ಹಿಡಿದು ಅಲೆಯುತ್ತವೆ. ಟಾಂಜಾನಿಯಾದ ಸೆರೆಂಗೆಟಿಯಿಂದ ವರ್ಷವರ್ಷವೂ ಇಲ್ಲಿಗೆ ಬಂದು ಮರಳುತ್ತವೆ. ಅವುಗಳಿಗೆ ಗಡಿಯಿಲ್ಲ. ಸೆರೆಂಗೆಟಿಗೆ ಹೊರಟ ನಾವಾದರೋ ಇಸೆಬಾನಿಯಾ ಠಾಣೆಯ ಹಾದಿಯಲ್ಲಿ ಸುತ್ತಿ ಬಳಸಿ, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡೇ ಹೋಗಬೇಕಾಯಿತು.

ಈ ಗಡಿಗೆರೆಯ ಮೂಲ, 1886ರಲ್ಲಿ ಬ್ರಿಟಿಷರೂ ಜರ್ಮನರೂ ಮಾಡಿಕೊಂಡ ಒಪ್ಪಂದ. ಅದರಿಂದ ದನಗಾಹಿಗಳಾದ ಮಸಾಯಿ ಜನ ಎರಡು ನಾಡುಗಳಿಗೆ ಹಂಚಿಹೋದರು. 1959ರಲ್ಲಿ ಪ್ರಾಣಿರಕ್ಷಣೆಯ ಹೆಸರಿನಲ್ಲಿ ಸೆರೆಂಗೆಟಿ ಉದ್ಯಾನದೊಳಗಿದ್ದ ಮಸಾಯಿಗಳನ್ನೂ ಗೊರೊಂಗೊರೊದತ್ತ ಹೊರಡಿಸಲಾಯಿತು. ಮೃಗಗಳಿಗೆ ದೊರೆತ ಬಯಲು ಮನುಷ್ಯರಿಗೆ ತಪ್ಪಿತು.

ಠಾಣೆಯ ಬಳಿ ನಮ್ಮ ಮಸಾಯಿ ಸಾರಥಿಯು ಆಚೆ ನಾಡಿನ ಸಾರಥಿಯೊಡನೆ ತಮ್ಮ ಮಾ ನುಡಿಯಲ್ಲಿ ಮಾತಿಗೆ ನಿಂತ. “ಬೇರೆ ದೇಶದವರಿಗೆ ಒಂದೇ ಭಾಷೆ ಹೇಗಪ್ಪಾ?” ಎಂದಳು ಮಗಳು. ಗಡಿನಾಡಿನಲ್ಲಿ ಹುಟ್ಟಿ ಬೆಳೆದ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.