96 ಅಕ್ಷರಗಳ ಕಸುಬು

ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 480 ಗ್ರಾಫಿಕ್ಸ್ ಕಾರ್ಡು ಮಾರುಕಟ್ಟೆಗೆ ಬಂದದ್ದು 2016ರ ಜೂನ್ 29ರಂದು. ಅಮೆರಿಕದಲ್ಲಿ 4 ಜಿಬಿ ಮೆಮೊರಿಯ ಕಾರ್ಡಿಗೆ 199 ಡಾಲರ್, 8 ಜಿಬಿಯದ್ದಕ್ಕೆ 239 ಡಾಲರ್. ಮೊದಲ ಕಂತಿನ 4 ಜಿಬಿ ಕಾರ್ಡುಗಳ ಹೊದಿಕೆ ಬಿಚ್ಚಿ ನೋಡಿದವರಿಗೆ ಒಂದು ಅಚ್ಚರಿ ಕಾದಿತ್ತು. ಹಲಗೆಯ ಮೇಲಿದ್ದ ಎಂಟು ಮೆಮೊರಿ ಚಿಪ್‌ಗಳು ತಲಾ 1 ಜಿಬಿಯವು. ಒಳಗಿದ್ದದ್ದು ಪೂರ್ತಿ 8 ಜಿಬಿ! ಅರ್ಧ ಮೆಮೊರಿಯನ್ನು ಕಾಣದಂತೆ ಮುಚ್ಚಿಟ್ಟದ್ದು ಬಯೋಸ್, ಅಂದರೆ ಕಾರ್ಡಿನ ಮೇಲಿರುವ ಎಂಟು ಕಾಲಿನ ಪುಟ್ಟ ಚಿಪ್‌ನೊಳಗಿನ ಮೂಲ ತಂತ್ರಾಂಶ. 8 ಜಿಬಿ ಕಾರ್ಡಿನ ಬಯೋಸನ್ನು ಇದಕ್ಕೆ ಬರೆದು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಸಾಕು, 40 ಡಾಲರ್ ಹೆಚ್ಚು ಬೆಲೆಯ ಕಾರ್ಡು ಕೈಗೆ ಬರುತ್ತಿತ್ತು.

ಕ್ರಿಪ್ಟೊ ಗಣಿಗಾರಿಕೆಗಾಗಿ, ಅಂದರೆ ಲೆಕ್ಕ ಬಿಡಿಸಿ ಡಿಜಿಟಲ್ ನಾಣ್ಯ ಗಳಿಸುವುದಕ್ಕಾಗಿ, ಗ್ರಾಫಿಕ್ಸ್ ಕಾರ್ಡುಗಳ ಬಯೋಸ್ ತಿದ್ದುವ ಕಸುಬು ಜಗತ್ತಿನಾದ್ಯಂತ ಹಬ್ಬಿ, ಆರೇಳು ವರ್ಷ ಆಳಿ, ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗ ಇದು. ಕಾರ್ಡಿನೊಳಗೆ ಏನಿದೆ ಎಂಬುದು ಡಬ್ಬಿಯ ಮೇಲೆ ಬರೆದದ್ದರಿಂದಷ್ಟೇ ತೀರ್ಮಾನವಾಗುವುದಿಲ್ಲ ಎಂಬ ಅರಿವು ಇಡೀ ಕಸುಬಿನ ಬುನಾದಿ. ಆ ಅರಿವು ಮೊದಲೂ ಇತ್ತು. 2010ರ ಕೊನೆಗೆ ಬಂದ ರೇಡಿಯಾನ್ ಎಚ್‌ಡಿ 6950 ಕಾರ್ಡಿನ 1408 ಗಣಕ ಘಟಕಗಳನ್ನು ಬಯೋಸ್ ಬದಲಿಸಿ 1536ಕ್ಕೆ ಏರಿಸಿ, ಅದರ ಅಣ್ಣ 6970 ಆಗಿಸಿಕೊಂಡವರಿದ್ದರು. 2013ರ ಆರ್9 290 ಕಾರ್ಡುಗಳಲ್ಲೂ ಕೆಲವು ಹೀಗೆಯೇ 290ಎಕ್ಸ್ ಆದವು. ಅವೆಲ್ಲ ಗೇಮ್ ಆಡುವ ಹುಡುಗರ ಹುರುಪು. ಹಣದ ಲೆಕ್ಕ ಸೇರಿಕೊಂಡದ್ದು ಆಮೇಲೆ.

ಆ ಲೆಕ್ಕದ ಮೂಲವಾದ ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿಯಲ್ಲಿ, ಸಾಮಾನ್ಯ ಕಂಪ್ಯೂಟರಿನ ಪ್ರೊಸೆಸರ್ ಮೇಲೆ. ಅದನ್ನು ಹುಟ್ಟುಹಾಕಿದ ಸತೋಶಿ ನಕಾಮೊಟೊ ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ವಿನಂತಿ ಮಾಡಿದ್ದ. ಗ್ರಾಫಿಕ್ಸ್ ಕಾರ್ಡುಗಳ ಪೈಪೋಟಿಯನ್ನು ಆದಷ್ಟು ಮುಂದೂಡಲು ಎಲ್ಲರೂ ಸಜ್ಜನರಂತೆ ಒಪ್ಪಿಕೊಳ್ಳೋಣ, ಸಾಧಾರಣ ಕಂಪ್ಯೂಟರ್ ಇದ್ದವನಿಗೂ ಪಾಲು ಸಿಗಲಿ ಎಂದು. ಆ ಒಪ್ಪಂದ ಆರು ತಿಂಗಳೂ ಬಾಳಲಿಲ್ಲ. ಫ್ಲಾರಿಡಾದ ಪ್ರೋಗ್ರಾಮರ್ ಲಾಸ್ಲೊ ಹನ್ಯೆಚ್ 2010ರ ಮೇ ತಿಂಗಳಲ್ಲಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಗಣಿಗಾರಿಕೆ ಮಾಡುವ ತಂತ್ರಾಂಶ ಬರೆದ. ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟ ಮನುಷ್ಯ ಎಂದು ಜಗತ್ತು ನೆನಪಿಟ್ಟಿರುವುದು ಇವನನ್ನೇ. ನನ್ನ ಮಟ್ಟಿಗೆ ಪಿಜ್ಜಾಕ್ಕಿಂತ ಆ ತಂತ್ರಾಂಶವೇ ದೊಡ್ಡ ಘಟನೆ. ಗೇಮಿಗೆಂದು ಹುಟ್ಟಿದ ಕಾರ್ಡು ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಬಿಟ್‌ಕಾಯಿನ್ ಮಟ್ಟಿಗೆ ಆ ದಾರಿ ಬೇಗ ಮುಗಿಯಿತು. 2013ರಲ್ಲಿ ಅದೊಂದೇ ಕೆಲಸಕ್ಕೆ ತಯಾರಾದ ಏಸಿಕ್ ಯಂತ್ರಗಳು ಬಂದವು. ಗ್ರಾಫಿಕ್ಸ್ ಕಾರ್ಡು ಅವುಗಳ ಮುಂದೆ ನಿಲ್ಲಲಿಲ್ಲ. ಆಗ ಬಂತು ಇಥೀರಿಯಮ್, 2015ರ ಜುಲೈ 30ರಂದು.

ಏಸಿಕ್ ಯಂತ್ರಗಳು ತಮ್ಮ ನಾಣ್ಯವನ್ನೂ ನುಂಗಬಾರದೆಂದು ಇಥೀರಿಯಮ್ ರೂಪಿಸಿದವರು ಬೇಕೆಂದೇ ಮೆಮೊರಿಗೆ ಭಾರ ಹಾಕುವ ಈಥ್ಯಾಶ್ ಎಂಬ ವಿಧಾನ ತಂದರು. ಮೊದಲಿಗೆ 1 ಜಿಬಿಯಷ್ಟಿದ್ದ, ಪ್ರತಿ 30,000 ಬ್ಲಾಕಿಗೊಮ್ಮೆ 8 ಎಂಬಿಯಷ್ಟು ಬೆಳೆಯುವ ದತ್ತಾಂಶದ ರಾಶಿಯೊಂದನ್ನು ಕಾರ್ಡು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರಬೇಕು. ಒಂದೊಂದು ಹ್ಯಾಶ್‌ಗೂ, ಅಂದರೆ ಗಣಿಗಾರಿಕೆಯ ಒಂದೊಂದು ಲೆಕ್ಕದ ಯತ್ನಕ್ಕೂ, ಆ ರಾಶಿಯಿಂದ 64 ಸಲ, ಪ್ರತಿ ಸಲ 128 ಬೈಟ್ ತೆಗೆದು ತರಬೇಕು. ಗುಣಿಸಿದರೆ 8192 ಬೈಟ್. ಆರ್‌ಎಕ್ಸ್ 480ರ 8 ಜಿಬಿ ಕಾರ್ಡಿನ ಮೆಮೊರಿ ಸೆಕೆಂಡಿಗೆ 256 ಜಿಬಿ ಸಾಗಿಸಬಲ್ಲದು. ಭಾಗಿಸಿ ನೋಡಿ: ಸೆಕೆಂಡಿಗೆ ಸುಮಾರು 3.1 ಕೋಟಿ ಹ್ಯಾಶ್, ಅಂದರೆ 31 ಮೆಗಾಹ್ಯಾಶ್. ಅಂಗಡಿಯಿಂದ ತಂದ ಕಾರ್ಡು ಕೊಡುತ್ತಿದ್ದದ್ದು 24–25. ಮಿಕ್ಕದ್ದು ಎಲ್ಲಿ ಸೋರಿಹೋಗುತ್ತಿದೆ?

ಉತ್ತರ ಬಯೋಸಿನೊಳಗೆ ಇತ್ತು. ಮೆಮೊರಿ ಚಿಪ್‌ನಲ್ಲಿ ದತ್ತಾಂಶ ಸಾಲು ಸಾಲಾಗಿ ಕೂತಿರುತ್ತದೆ. ಒಂದು ಸಾಲು ತೆರೆಯಲು ಇಷ್ಟು, ಮುಚ್ಚಲು ಇಷ್ಟು, ಮಾಸದಂತೆ ಮತ್ತೆ ಮತ್ತೆ ತುಂಬಿಸಲು ಇಷ್ಟು ಗಡಿಯಾರದ ಬಡಿತಗಳಷ್ಟು ಕಾಯಬೇಕು ಎಂಬ ನಿಯಮಗಳಿರುತ್ತವೆ. ಈಥ್ಯಾಶ್ ಎಲ್ಲೆಂದರಲ್ಲಿ ಕೈ ಹಾಕುವ ಕಾರಣ ಸಾಲುಗಳನ್ನು ತೆರೆದು ಮುಚ್ಚುವುದರಲ್ಲೇ ಹೊತ್ತು ಕಳೆದುಹೋಗುತ್ತದೆ. ಕಾಯುವ ಈ ಅವಧಿಗಳನ್ನೆಲ್ಲ ಒಟ್ಟುಗೂಡಿಸಿ ಬಯೋಸಿನಲ್ಲಿ 48 ಬೈಟ್‌ಗಳ, ಅಂದರೆ 96 ಅಕ್ಷರಗಳ ಒಂದು ಸರಪಳಿಯಾಗಿ ಬರೆದಿರುತ್ತಾರೆ. ಕಸುಬಿನವರ ಬಾಯಲ್ಲಿ ಇದು ಸ್ಟ್ರಾಪ್. 1500 ಮೆಗಾಹರ್ಟ್ಸ್‌ಗೊಂದು, 1625ಕ್ಕೊಂದು, 1750ಕ್ಕೊಂದು, 2000ಕ್ಕೊಂದು ಹೀಗೆ ಪ್ರತಿ ವೇಗದ ಮಟ್ಟಕ್ಕೂ ಬೇರೆ ಬೇರೆ ಸ್ಟ್ರಾಪ್. ವೇಗ ಏರಿದಂತೆ ಕಾಯುವ ಬಡಿತಗಳೂ ಹೆಚ್ಚುತ್ತವೆ. ಸೆಕೆಯ ದೇಶದಲ್ಲೂ, ದೂಳು ತುಂಬಿದ ಪೆಟ್ಟಿಗೆಯಲ್ಲೂ, ಗುಣಮಟ್ಟದಲ್ಲಿ ಕೊನೆಯ ಸಾಲಿನ ಚಿಪ್ಪಿನಲ್ಲೂ ಕಾರ್ಡು ಕೈಕೊಡಬಾರದೆಂದು ತಯಾರಕರು ಧಾರಾಳವಾಗಿ ಬಿಟ್ಟ ಅಂತರ ಅದು.

ಗಣಿಗಾರರು ಮಾಡಿದ್ದು ಇಷ್ಟೇ: 1500ರ ಅಥವಾ 1750ರ ಸಾಲಿನಲ್ಲಿದ್ದ ಆ 96 ಅಕ್ಷರಗಳನ್ನು ನಕಲು ಮಾಡಿ ಅದಕ್ಕಿಂತ ಮೇಲಿನ ಎಲ್ಲ ಮಟ್ಟಗಳಿಗೂ ಅಂಟಿಸಿದರು. ಗಡಿಯಾರ ವೇಗವಾಗಿ ಓಡುತ್ತಿದೆ, ಕಾಯುವ ಬಡಿತಗಳು ಮಾತ್ರ ಹಳೆಯ ನಿಧಾನದ ಲೆಕ್ಕದವು. ಚಿಪ್ ಉಸಿರಾಡಲೂ ಬಿಡದೆ ದುಡಿಯಿತು. ಹ್ಯಾಶ್‌ರೇಟ್ 25ರಿಂದ 29, 30ಕ್ಕೆ ಏರಿತು. ಪೊಲಾರಿಸ್ ಬಯೋಸ್ ಎಡಿಟರ್ ಎಂಬ ಮುಕ್ತ ತಂತ್ರಾಂಶ ಬಂದ ಮೇಲೆ ಕಿಟಕಿಯೊಂದರಲ್ಲಿ ಪಟ್ಟಿ ತೆರೆದು, ಬಲಭಾಗದ ಸರಪಳಿಯನ್ನು ನಕಲಿಸಿ, ಉಳಿಸಿ, ಎಟಿಐಫ್ಲಾಶ್ ಮೂಲಕ ಕಾರ್ಡಿಗೆ ಬರೆಯುವುದು ಅಭ್ಯಾಸವಿದ್ದವರಿಗೆ ಐದು ನಿಮಿಷದ ಕೆಲಸವಾಯಿತು.

ಆದರೆ ಅದನ್ನು ಐದು ನಿಮಿಷದ ಕೆಲಸ ಮಾಡಿದ ವಿದ್ಯೆ ಸಣ್ಣದಲ್ಲ. ಒಂದೇ ಮಾದರಿಯ ಕಾರ್ಡಿನಲ್ಲೂ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್, ಎಲ್ಪಿಡಾ ಹೀಗೆ ಬೇರೆ ಬೇರೆ ಕಂಪನಿಗಳ ಮೆಮೊರಿ ಇರುತ್ತಿತ್ತು. ಒಬ್ಬರದಕ್ಕೆ ಹೊಂದುವ ಸ್ಟ್ರಾಪ್ ಇನ್ನೊಬ್ಬರದಕ್ಕೆ ಹೊಂದದು. ಆ 96 ಅಕ್ಷರಗಳಲ್ಲಿ ಯಾವ ಬಿಟ್ ಯಾವ ಅವಧಿಯದು ಎಂದು ಬಿಡಿಸಿ ಓದಿ, ಕೈಯಾರೆ ಹೊಸ ಸ್ಟ್ರಾಪ್ ಕಟ್ಟುವವರು ಬೆರಳೆಣಿಕೆಯಷ್ಟು. ಅವರ ಸರಪಳಿಗಳು ಕೈಯಿಂದ ಕೈಗೆ ದಾಟಿ ಊರೂರು ತಲುಪಿದವು.

ಇನ್ನೊಂದು ಸೂಕ್ಷ್ಮವಿತ್ತು. ಈ ಕಾರ್ಡುಗಳಲ್ಲಿದ್ದ ಜಿಡಿಡಿಆರ್5 ಮೆಮೊರಿ ತಪ್ಪು ಮಾಡಿದರೆ ಕೂಡಲೇ ಕಂಪ್ಯೂಟರ್ ನಿಲ್ಲುವುದಿಲ್ಲ. ಸಾಗಣೆಯಲ್ಲಿ ತಪ್ಪಾದದ್ದನ್ನು ಪತ್ತೆಹಚ್ಚಿ ಮತ್ತೆ ಕಳುಹಿಸುವ ವ್ಯವಸ್ಥೆ ಅದರಲ್ಲಿದೆ. ಹೀಗಾಗಿ ಪರದೆಯ ಮೇಲೆ ಎಲ್ಲ ಸರಿಯಿದ್ದಂತೆ ಕಾಣುತ್ತಲೇ ಒಳಗೆ ದುಡಿಮೆ ಪೋಲಾಗುತ್ತಿರುತ್ತದೆ. ತಿಳಿದವರು ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಮೆಮೊರಿ ದೋಷಗಳ ಅಂಕಿ ಏರುತ್ತಿದೆಯೇ ಎಂದು ಗಂಟೆಗಟ್ಟಲೆ ನೋಡುತ್ತ, ಹತ್ತು ಮೆಗಾಹರ್ಟ್ಸ್ ಇಳಿಸಿ, ಐದು ಏರಿಸಿ, ಅಂಕಿ ಅಲುಗಾಡದ ಜಾಗ ಹುಡುಕುತ್ತಿದ್ದರು. ಮತ್ತೊಂದು ಕಡೆ ಕೋರ್ ವೋಲ್ಟೇಜ್ ಇಳಿಸುವ ಕೆಲಸ. ಮೆಮೊರಿಗಾಗಿ ಕಾಯುತ್ತ ಕೂರುವ ಕೋರ್‌ಗೆ 1266 ಮೆಗಾಹರ್ಟ್ಸ್ ಯಾಕೆ, 1150ರ ಆಸುಪಾಸು ಸಾಕಲ್ಲ ಎಂದು ವೇಗವನ್ನೂ ವೋಲ್ಟೇಜನ್ನೂ ತಗ್ಗಿಸಿದರೆ ಒಂದು ಕಾರ್ಡಿನಲ್ಲಿ ಹತ್ತಾರು ವ್ಯಾಟ್ ಉಳಿತಾಯ. ಕರೆಂಟ್ ಬಿಲ್ಲೇ ಲಾಭನಷ್ಟ ತೀರ್ಮಾನಿಸುವ ಧಂದೆಯಲ್ಲಿ ಒಂದೊಂದು ವ್ಯಾಟೂ ಲೆಕ್ಕಕ್ಕೆ ಬರುತ್ತಿತ್ತು.

ಎಡವಟ್ಟಾದರೆ? ತಪ್ಪು ಬಯೋಸ್ ಬರೆದ ಕಾರ್ಡು ಉಸಿರೆತ್ತುವುದಿಲ್ಲ. ಎರಡು ಬಯೋಸ್ ಇರುವ ಕಾರ್ಡಾದರೆ ಅಂಚಿನಲ್ಲಿರುವ ಪುಟ್ಟ ಸ್ವಿಚ್ ಸರಿಸಿ ಬಚಾವಾಗಬಹುದು. ಇಲ್ಲದಿದ್ದರೆ ಒಂದು ತುಂಡು ತಂತಿಯೇ ಗತಿ. ಬಯೋಸ್ ಚಿಪ್‌ನ 1ನೇ ಮತ್ತು 8ನೇ ಕಾಲುಗಳನ್ನು ತಂತಿಯಿಂದ ಜೋಡಿಸಿ ಹಿಡಿದು ಕಂಪ್ಯೂಟರ್ ಚಾಲೂ ಮಾಡಬೇಕು. ಚಿಪ್ ಬಾಯಿ ತೆರೆಯದ ಕಾರಣ ಕೆಟ್ಟ ಬಯೋಸನ್ನು ಯಾರೂ ಓದುವುದಿಲ್ಲ. ಕಂಪ್ಯೂಟರ್ ತನ್ನ ಇನ್ನೊಂದು ಗ್ರಾಫಿಕ್ಸ್‌ನಿಂದ ಎದ್ದು ನಿಲ್ಲುತ್ತದೆ. ಆಮೇಲೆ ತಂತಿ ತೆಗೆದು ಮೂಲ ಬಯೋಸನ್ನು ಮತ್ತೆ ಬರೆಯಬೇಕು. ಸತ್ತ ಕಾರ್ಡು ಹೀಗೆ ಎದ್ದು ಕೂತದ್ದನ್ನು ನೋಡಿದವರಿಗೆ ಯಂತ್ರದ ಬಗ್ಗೆ ಇದ್ದ ಭಯ ಶಾಶ್ವತವಾಗಿ ಹೋಗುತ್ತಿತ್ತು.

ಕಾರ್ಡು ತಯಾರಕರ ಜೊತೆ ಜಗಳ ಶುರುವಾದದ್ದು ಇಲ್ಲಿಂದ. ವಿಂಡೋಸ್‌ನಲ್ಲಿ ಎಎಂಡಿ ಡ್ರೈವರ್ ಬಯೋಸಿನ ಸಹಿ ಪರೀಕ್ಷಿಸಿ, ತಿದ್ದಿದ ಕಾರ್ಡನ್ನು ಒಪ್ಪದಾಯಿತು. ಆ ಪರೀಕ್ಷೆಯನ್ನು ದಾಟಿಸುವ ಪುಟ್ಟ ತಂತ್ರಾಂಶ ಬಂತು. 2017ರ ಆಗಸ್ಟಿನಲ್ಲಿ ಅದೇ ಎಎಂಡಿ ಗಣಿಗಾರಿಕೆಗೆಂದೇ ವಿಶೇಷ ಡ್ರೈವರ್ ಬಿಡುಗಡೆ ಮಾಡಿತು. ಅದೇ ತಿಂಗಳು ಬಂದ ವೇಗಾ ಕಾರ್ಡುಗಳಲ್ಲಿ ಬಯೋಸಿಗೆ ಚಿಪ್‌ನೊಳಗಿನಿಂದಲೇ ಬೀಗ ಹಾಕಿತು. ಎನ್‌ವಿಡಿಯಾ 2016ರ ಪ್ಯಾಸ್ಕಲ್ ಕಾರ್ಡುಗಳಿಂದಲೇ ಬೀಗ ಬಿಗಿ ಮಾಡಿತ್ತು. ಆದರೂ 2018ರಲ್ಲಿ, ಬಯೋಸ್ ಮುಟ್ಟದೆ ಕಾರ್ಡು ಓಡುತ್ತಿರುವಾಗಲೇ ಮೆಮೊರಿಯ ಅವಧಿಗಳನ್ನು ಬದಲಿಸುವ ತಂತ್ರಾಂಶ ಬಂದು, 1080 ಟಿಐ ಕಾರ್ಡಿನ 35ರ ಆಸುಪಾಸಿನ ಹ್ಯಾಶ್‌ರೇಟನ್ನು 50ರ ಹತ್ತಿರಕ್ಕೆ ಒಯ್ಯಿತು. 2019ರಲ್ಲಿ ಎಎಂಡಿ ಕಾರ್ಡುಗಳಿಗೂ ಅಂಥದ್ದು ಬಂತು.

ನಡುವೆ ಇಥೀರಿಯಮ್ ಬೆಲೆ 2018ರ ಜನವರಿಯಲ್ಲಿ 1400 ಡಾಲರ್ ದಾಟಿ, ಡಿಸೆಂಬರಿಗೆ 100ಕ್ಕಿಂತ ಕೆಳಗೆ ಬಿತ್ತು. ಆ ವರ್ಷವೇ ಬಿಟ್‌ಮೇನ್ ಕಂಪನಿಯ ಇ3 ಎಂಬ ಏಸಿಕ್ ಬಂತು. ಅದರ ವೇಗ 180 ಮೆಗಾಹ್ಯಾಶ್. ಸರಿಯಾಗಿ ತಿದ್ದಿದ ಆರು ಕಾರ್ಡುಗಳ ಒಂದು ರಿಗ್‌ನಷ್ಟೇ. ಬಿಟ್‌ಕಾಯಿನ್‌ನಲ್ಲಿ ಕಾರ್ಡುಗಳನ್ನು ಒರೆಸಿಹಾಕಿದ ಏಸಿಕ್ ಇಲ್ಲಿ ಅವುಗಳ ಸರಿಸಮ ನಿಂತಿತು, ಅಷ್ಟೆ. ಮೆಮೊರಿಗೆ ಭಾರ ಹಾಕಿದವರ ಲೆಕ್ಕಾಚಾರ ಬಹುಮಟ್ಟಿಗೆ ಗೆದ್ದಿತ್ತು.

2020ರ ಡಿಸೆಂಬರಿನಲ್ಲಿ ಆ ದತ್ತಾಂಶದ ರಾಶಿ 4 ಜಿಬಿ ಕಾರ್ಡುಗಳಿಗೆ ಹಿಡಿಸದಷ್ಟು ಬೆಳೆಯಿತು. 4 ಜಿಬಿ ಕಾರ್ಡುಗಳು ಸಾಲುಸಾಲಾಗಿ ನಿವೃತ್ತಿಯಾದವು. ನಾಲ್ಕೂವರೆ ವರ್ಷದ ಹಿಂದೆ ಹೊದಿಕೆ ಬಿಚ್ಚಿ, ಅಡಗಿದ್ದ ಮೆಮೊರಿಯನ್ನು ಬಿಡಿಸಿಕೊಂಡಿದ್ದ ಆರ್‌ಎಕ್ಸ್ 480ಗಳಿಗೆ ಮಾತ್ರ ಆ ತೊಂದರೆ ತಟ್ಟಲಿಲ್ಲ. ಒಳಗೆ ಇಣುಕಿ ನೋಡಿದವರಿಗೆ ಕಾರ್ಡು ಇನ್ನೂ ಸುಮಾರು ಎರಡು ವರ್ಷದ ಬದುಕು ಕೊಟ್ಟಿತು.

ಗೇಮ್ ಆಡುವವರ ಸಿಟ್ಟು ನ್ಯಾಯವಾದದ್ದೇ. 2017ರಲ್ಲೂ 2021ರಲ್ಲೂ ಅಂಗಡಿಯಲ್ಲಿ ಕಾರ್ಡೇ ಇಲ್ಲ, ಇದ್ದರೆ ಬೆಲೆ ದುಪ್ಪಟ್ಟು. ವಿದ್ಯುತ್ ಸುಟ್ಟ ಪಾಪವೂ ಸಣ್ಣದಲ್ಲ. ಇದಕ್ಕೆ ಪರಿಹಾರವೆಂದು ಎನ್‌ವಿಡಿಯಾ 2021ರ ಫೆಬ್ರವರಿಯಲ್ಲಿ ಆರ್‌ಟಿಎಕ್ಸ್ 3060 ಕಾರ್ಡಿಗೆ ಹ್ಯಾಶ್‌ರೇಟ್ ಅರ್ಧಕ್ಕಿಳಿಸುವ ಮಿತಿ ಹಾಕಿತು. ಮರುತಿಂಗಳು ಕಂಪನಿಯೇ ಬಿಟ್ಟ ಒಂದು ಡ್ರೈವರ್ ಆಕಸ್ಮಿಕವಾಗಿ ಆ ಮಿತಿಯನ್ನು ತೆಗೆದುಹಾಕಿತು. ಮೇ ತಿಂಗಳಿಂದ ಬೇರೆ ಕಾರ್ಡುಗಳಿಗೂ ಮಿತಿ ಹರಡಿತು; 2022ರ ಮೇ ಹೊತ್ತಿಗೆ ಎನ್‌ಬಿಮೈನರ್ ತಂತ್ರಾಂಶ ಅದನ್ನು ಪೂರ್ತಿ ಮುರಿಯಿತು. ಗಣಿಗಾರಿಕೆಗೆಂದೇ ಕಂಪನಿ ಮಾರಿದ, ಮಾನಿಟರ್ ಜೋಡಿಸಲು ಕಿಂಡಿಯೇ ಇಲ್ಲದ ಸಿಎಂಪಿ ಕಾರ್ಡುಗಳು ಗೇಮ್ ಆಡುವ ಯಾವ ಹುಡುಗನ ಮನೆಗೂ ಹೋಗುವಂತಿರಲಿಲ್ಲ. ಕಸವಾಗಲೆಂದೇ ಹುಟ್ಟಿದ ಯಂತ್ರಗಳು ಅವು. ನನಗೆ ಸಿಟ್ಟು ಬರುವುದು ಇಲ್ಲಿ.

2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ಗಣಿಗಾರಿಕೆಯನ್ನೇ ಕೈಬಿಟ್ಟು, ನಾಣ್ಯ ಒತ್ತೆಯಿಟ್ಟವರು ವ್ಯವಹಾರ ದೃಢಪಡಿಸುವ ಪದ್ಧತಿಗೆ ಬದಲಾಯಿತು. ಅದರ ವಿದ್ಯುತ್ ಬಳಕೆ ಶೇಕಡ 99ಕ್ಕೂ ಹೆಚ್ಚು ಇಳಿಯಿತು. ಒಳ್ಳೆಯದೇ ಆಯಿತು. 96 ಅಕ್ಷರಗಳ ಕಸುಬಿಗೆ ಅಂದೇ ಕೆಲಸವಿಲ್ಲದಾಯಿತು, ಹಳೆಯ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಸುರಿದವು.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಆನ್‌ಲೈನಿನಲ್ಲೋ ಹಳೆಯ ಆರ್‌ಎಕ್ಸ್ 570, 580 ಕೊಳ್ಳುವವರು ಈ ಚರಿತ್ರೆಯನ್ನು ತಿಳಿದಿರುವುದು ಒಳಿತು. ಗೇಮ್ ಆಡುವಾಗ ಪರದೆಯಲ್ಲಿ ಬಣ್ಣದ ಚುಕ್ಕೆಗಳು ಮಿನುಗಿದರೆ ಕಾರ್ಡು ಸತ್ತಿತೆಂದು ಎಸೆಯಬೇಡಿ. ಒಳಗೆ ಇನ್ನೂ ಯಾರದೋ ಗಣಿಗಾರಿಕೆಯ ಸ್ಟ್ರಾಪ್ ಕೂತಿರಬಹುದು. ಮೆಮೊರಿ ಯಾವ ಕಂಪನಿಯದೆಂದು ನೋಡಿ, ಆ ಮಾದರಿಯ ಮೂಲ ಬಯೋಸ್ ಹುಡುಕಿ ಬರೆದರೆ ಎಷ್ಟೋ ಕಾರ್ಡುಗಳು ಮತ್ತೆ ನೆಟ್ಟಗಾಗುತ್ತವೆ. ಹೀಗೆ ಬಯೋಸನ್ನು ಬೇಕಾದಂತೆ ತಿದ್ದಲು ಸಾಧ್ಯವಾದದ್ದು ಅವು ಬೀಗ ಬೀಳುವ ಮುಂಚಿನ ಕಾರ್ಡುಗಳಾದ್ದರಿಂದ. ಆಮೇಲಿನ ಬಹುತೇಕ ಕಾರ್ಡುಗಳಲ್ಲಿ ಈ ಸ್ವಾತಂತ್ರ್ಯ ಇಲ್ಲ.

ಹಣದ ಹುಚ್ಚು ಬಂದು ಹೋಯಿತು. ಅದನ್ನು ತಡೆಯಲೆಂದು ಎಬ್ಬಿಸಿದ ಮಿತಿಗಳೂ ಬಿದ್ದವು. ಬಯೋಸಿನ ಬೀಗ ಮಾತ್ರ ಬಹುಮಟ್ಟಿಗೆ ಹಾಗೇ ಉಳಿದಿದೆ, ಅದರ ಬಗ್ಗೆ ಹೆಚ್ಚು ಮಾತು ಕೇಳಿಸುತ್ತಿಲ್ಲ. ವಾರಂಟಿ ಇರುವಷ್ಟು ದಿನ ಕಂಪನಿ ಬೀಗ ಹಾಕಿಕೊಳ್ಳಲಿ, ಅದರ ಹೊಣೆ ಅದಕ್ಕಿದೆ. ವಾರಂಟಿ ಮುಗಿದ ಮೇಲೆ, ಹೊಸ ಡ್ರೈವರ್ ಕೊಡುವುದನ್ನೂ ನಿಲ್ಲಿಸಿದ ಮೇಲೆ, ಕೀಲಿಯನ್ನು ಕೊಂಡವರ ಕೈಗೆ ಕೊಡಬೇಕು. ಆಗ ರಿಪೇರಿಯವರಿಗೆ ಕೆಲಸ ಸಿಗುತ್ತದೆ, ಕಾರ್ಡಿಗೆ ಆಯುಸ್ಸು ಸಿಗುತ್ತದೆ, ಕಲಿಯುವ ಹುಡುಗರಿಗೆ ಯಂತ್ರವನ್ನು ತೆರೆದು ಓದುವ ಧೈರ್ಯ ಸಿಗುತ್ತದೆ. ಆ ಧೈರ್ಯವನ್ನು ನಾಣ್ಯದ ಆಸೆಯಿಂದ ಕಲಿತವರಿಗಿಂತ ಕುತೂಹಲದಿಂದ ಕಲಿಯುವವರು ಹೆಚ್ಚಾಗಲಿ ಎಂಬುದೇ ನನ್ನ ಆಸೆ.