ಕಾರಿನ ಮೆರುಗಿನ ಗುಟ್ಟು

ನಮ್ಮ ಮನೆಯಲ್ಲೊಂದು ಕಪ್ಪು ಬಣ್ಣದ ಕಾರಿದೆ. ಅದನ್ನು ಕೊಂಡು ಎರಡು ವರ್ಷ ತುಂಬುವ ಹೊತ್ತಿಗೆ, ಒಂದು ದಿನ ಬೆಳಗಿನ ಬಿಸಿಲಿನಲ್ಲಿ ಅದರ ಬಾನೆಟ್ಟಿನ ಕಡೆ ನೋಡಿದಾಗ ನಮ್ಮ ಮನಸ್ಸು ಕಸಿವಿಸಿಗೊಂಡಿತು. ಸೂರ್ಯನ ಪ್ರತಿಬಿಂಬದ ಸುತ್ತಲೂ ಕೂದಲೆಳೆಗಿಂತ ಸಣ್ಣನೆಯ ನೂರಾರು ಗೀರುಗಳು, ಜೇಡರ ಬಲೆಯಂತೆ, ಬಳೆಬಳೆಯಾಗಿ ಮಿನುಗುತ್ತಿದ್ದುವು. ಪ್ರತಿದಿನ ಬೆಳಗ್ಗೆ ನಮ್ಮ ಬೀದಿಯ ಕಾರುಗಳನ್ನು ಒರೆಸುವ ತರುಣ ಆಗಲೇ ಬಕೆಟ್ಟು ಹಿಡಿದು ಬಂದ. “ಏನಯ್ಯಾ, ಹೀಗೆ ಸುತ್ತಿ ಸುತ್ತಿ ತಿಕ್ಕಿ ಬಣ್ಣವನ್ನೆಲ್ಲ ಹಾಳುಮಾಡಿದೆಯಲ್ಲ!” ಎಂದು ಗದರಿಸಿದೆವು. “ಇಲ್ಲಾ ಸಾರ್, ನಾನು ಯಾವತ್ತೂ ಉದ್ದಕ್ಕೇ ಒರೆಸೋದು. ಸುತ್ತಿ ಒರೆಸೋದೇ ಇಲ್ಲ” ಎಂದು ಅವನು ಹೇಳಿದ. ನಾವು ನಂಬಲಿಲ್ಲ. ಬಳೆಗಳು ಕಣ್ಣೆದುರಿಗೇ ಇದ್ದುವಲ್ಲ!

ಕಣ್ಣಿಗೆ ಕಂಡುದೆಲ್ಲ ಸಾಕ್ಷ್ಯವಾಗುವುದಿಲ್ಲ. ತರಗತಿಯಲ್ಲಿ ಬೆಳಕಿನ ಪ್ರತಿಫಲನವನ್ನು ವರ್ಷವರ್ಷವೂ ಪಾಠಹೇಳುವ ನಾವು ಮನೆಯ ಅಂಗಳದಲ್ಲಿ ಅದನ್ನು ಮರೆತಿದ್ದೆವೆಂಬುದು ಅನಂತರ ತಿಳಿಯಿತು. ಆ ಗೀರುಗಳ ವಿಚಾರಣೆಗೆ ತೊಡಗಿದಾಗ ಮೆರುಗು ಎಂದರೇನು, ಪಾಲಿಶ್ ಏನು ಮಾಡುತ್ತದೆ, ಮೇಣ ಏನು ಮಾಡುತ್ತದೆ ಎಂಬುದೆಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ನಯವಾದ ಮೈ, ಒರಟಾದ ಮೈ

ಕನ್ನಡಿಯೂ ಬೆಳಕನ್ನು ಹಿಂದಿರುಗಿಸುತ್ತದೆ, ಸುಣ್ಣ ಬಳಿದ ಗೋಡೆಯೂ ಹಿಂದಿರುಗಿಸುತ್ತದೆ. ಆದರೆ ಕನ್ನಡಿಯಲ್ಲಿ ಮುಖ ಕಾಣುತ್ತದೆ, ಗೋಡೆಯಲ್ಲಿ ಕಾಣುವುದಿಲ್ಲ. ನಯವಾದ ಮೈ ಒಂದು ದಿಕ್ಕಿನಿಂದ ಬಂದ ಬೆಳಕನ್ನು ಒಂದೇ ದಿಕ್ಕಿಗೆ ಕಳುಹಿಸುತ್ತದೆ. ಒರಟಾದ ಮೈ ಅದನ್ನು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತದೆ. ಹಾಗಾದರೆ ಎಷ್ಟು ನಯವಾಗಿದ್ದರೆ ನಯವೆನ್ನಬೇಕು? ಇದಕ್ಕೆ ಬೆಳಕಿನ ತರಂಗಾಂತರವೇ ಅಳತೆಗೋಲು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 0.4 ರಿಂದ 0.7 ಮೈಕ್ರಾನ್, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಲಾರ್ಡ್ ರ್‍ಯಾಲೆಯ ಹೆಸರಿನ ನಿಯಮದಂತೆ, ನೇರವಾಗಿ ಬಿದ್ದ ಬೆಳಕಿಗೆ ಒಂದು ಮೈ ನಯವಾಗಿ ತೋರಬೇಕಾದರೆ ಅದರ ಉಬ್ಬುತಗ್ಗುಗಳು ತರಂಗಾಂತರದ ಎಂಟನೆಯ ಒಂದು ಭಾಗಕ್ಕಿಂತ ಕಡಮೆಯಿರಬೇಕು. ಹಸುರು ಬೆಳಕಿಗೆ ಇದು ಸುಮಾರು 0.07 ಮೈಕ್ರಾನ್. ತೀರ ಓರೆಯಾಗಿ ಬಿದ್ದ ಬೆಳಕಿಗೆ ಇನ್ನೂ ಒರಟಾದ ಮೈಯೂ ನಯವಾಗಿಯೇ ತೋರುತ್ತದೆ. ಆದುದರಿಂದ ಹಳೆಯ ಕಾರನ್ನು ಕೊಳ್ಳುವವರು ಅದರ ಬಣ್ಣವನ್ನು ಓರೆನೋಟದಿಂದ ನೋಡಿ ಮೋಸಹೋಗಬಾರದು.

ಕಾರಿನ ಹೊರಲೇಪ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಮಾತ್ರ ಪ್ರತಿಫಲಿಸುತ್ತದೆ. ಮೈ ನಯವಾಗಿದ್ದರೆ ಈ ನಾಲ್ಕು ಪಾಲು ಒಂದೇ ಕಡೆಗೆ ಹೋಗಿಬಿಡುತ್ತದೆ. ಉಳಿದ ಕಡೆಗಳಿಂದ ನೋಡುವವರಿಗೆ ಒಳಗಿನ ಬಣ್ಣ ಕೊಳದ ನೀರಿನಷ್ಟು ಆಳವಾಗಿ ಕಾಣುತ್ತದೆ. ಮೈ ಗೀರಾಗಿದ್ದರೆ ಅದೇ ನಾಲ್ಕು ಪಾಲು ಸುತ್ತಲೂ ಚೆಲ್ಲಿ ಬಣ್ಣದ ಮೇಲೆ ಹಾಲಿನ ಕೆನೆಯಂಥ ಮಬ್ಬನ್ನು ಕವಿಸುತ್ತದೆ. ಈ ಮಬ್ಬು ಕಪ್ಪು ಕಾರಿನ ಮೇಲೆ ಎದ್ದು ಕಾಣುತ್ತದೆ, ಬಿಳಿಯ ಕಾರಿನ ಮೇಲೆ ಅಡಗಿಕೊಳ್ಳುತ್ತದೆ. ಮೆರುಗೆಂಬುದು ಡಬ್ಬಿಯಿಂದ ತೆಗೆದು ಬಳಿಯುವ ವಸ್ತುವಲ್ಲ. ಒರಟುತನ ಇಲ್ಲದಿರುವುದೇ ಮೆರುಗು.

ಬಳೆಗಳು ಯಾರ ಕೈಕೆಲಸ?

ಈಗ ಆ ಬಳೆಗಳ ವಿಚಾರಕ್ಕೆ ಬರೋಣ. ಬಿಸಿಲಿನಲ್ಲಿ ನಿಂತು ಬಾನೆಟ್ಟನ್ನು ನೋಡುತ್ತ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆವು. ಆಶ್ಚರ್ಯ! ಬಳೆಗಳೂ ನಮ್ಮೊಡನೆ ಸರಿದುವು. ಸೂರ್ಯನ ಪ್ರತಿಬಿಂಬ ಎಲ್ಲಿಗೆ ಹೋಯಿತೋ ಅಲ್ಲಿಗೇ ಅವುಗಳ ಕೇಂದ್ರವೂ ಹೋಯಿತು. ರಾತ್ರಿ ಎರಡು ದೀಪಗಳ ಕೆಳಗೆ ನೋಡಿದಾಗ ಪ್ರತಿಯೊಂದು ದೀಪದ ಪ್ರತಿಬಿಂಬದ ಸುತ್ತಲೂ ಬೇರೆ ಬೇರೆ ಬಳೆಗಳು ಕಂಡುವು. ಕೈಯಿಂದ ಸುತ್ತಿ ಒರೆಸಿದ ಗೀರುಗಳಾಗಿದ್ದರೆ ಅವು ನೆಟ್ಟ ಜಾಗದಲ್ಲಿಯೇ ಇರಬೇಕಾಗಿತ್ತು.

ಇದರ ಕಾರಣ ಹೀಗಿದೆ. ಪ್ರತಿಯೊಂದು ಗೀರೂ ಒಂದು ಕಿರಿದಾದ ಕಾಲುವೆ. ಅದರ ಮೇಲೆ ಬಿದ್ದ ಬೆಳಕು ಗೀರಿನ ಉದ್ದಕ್ಕೆ ಹರಡದೆ, ಅದಕ್ಕೆ ಅಡ್ಡವಾಗಿ ಬೀಸಣಿಗೆಯಂತೆ ಹರಡುತ್ತದೆ. ಆದುದರಿಂದ ಸೂರ್ಯನ ಪ್ರತಿಬಿಂಬದಿಂದ ಗೀರಿನವರೆಗೆ ಎಳೆದ ರೇಖೆಗೆ ಯಾವ ಗೀರು ಅಡ್ಡವಾಗಿದೆಯೋ ಅದು ಮಾತ್ರ ತನ್ನ ಬೆಳಕನ್ನು ನಮ್ಮ ಕಣ್ಣಿಗೆ ಕಳುಹಿಸಬಲ್ಲುದು. ಉಳಿದ ದಿಕ್ಕಿನ ಗೀರುಗಳು ಅಲ್ಲಿಯೇ ಇದ್ದರೂ ಕಾಣುವುದಿಲ್ಲ. ಹೀಗೆ ಸುತ್ತಲೂ ಅಡ್ಡ ಗೀರುಗಳನ್ನಷ್ಟೇ ಆರಿಸಿ ನೋಡುವ ಕಣ್ಣಿಗೆ ಅವು ಬಳೆಗಳಾಗಿ ತೋರುತ್ತವೆ. ಬಹಳ ದಿನ ತಿಕ್ಕಿ ತೊಳೆದ ಸ್ಟೀಲ್ ತಟ್ಟೆಯನ್ನು ದೀಪದ ಕೆಳಗೆ ಹಿಡಿದು ವಾಚಕರು ಈ ಬಳೆಗಳನ್ನು ಮನೆಯಲ್ಲಿಯೇ ನೋಡಬಹುದು.

ಇಲ್ಲಿ ಇನ್ನೊಂದು ಮಾತಿದೆ. ಗೀರುಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೆ ಪೂರ್ಣ ಬಳೆ ಕಾಣುವುದಿಲ್ಲ; ಅವುಗಳಿಗೆ ಅಡ್ಡವಾಗಿ ಬೆಳಕಿನ ಒಂದು ಪಟ್ಟಿ ಮಾತ್ರ ಕಾಣುತ್ತದೆ. ನಮ್ಮ ಬಾನೆಟ್ಟಿನ ಮೇಲೆ ಪೂರ್ಣ ಬಳೆಗಳಿದ್ದುವು. ಎಂದರೆ ಎಲ್ಲ ದಿಕ್ಕುಗಳಿಗೂ ಕೈಯಾಡಿಸಿದವರು ಯಾರೋ ಇರಬೇಕು. ಉದ್ದಕ್ಕೇ ಒರೆಸುವ ತರುಣನಿಂದ ಅದಾಗದು. ಅವನು ಬಾರದ ಭಾನುವಾರಗಳಲ್ಲಿ ಡಿಕ್ಕಿಯಲ್ಲಿದ್ದ ಒಣಬಟ್ಟೆಯನ್ನು ತೆಗೆದುಕೊಂಡು, ನೀರೂ ಹಾಕದೆ, ಮನಬಂದಂತೆ ಧೂಳೊರೆಸುತ್ತಿದ್ದವರು ಯಾರೆಂಬುದು ಆಗ ನೆನಪಿಗೆ ಬಂತು. ಅದು ನಾವೇ!

ಬೀದಿಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಬೆಣಚಿನ ಅಂಕ 7. ಉಕ್ಕಿನ ಚಾಕುವಿನದು ಸುಮಾರು 5.5. ಕಾರಿನ ಹೊರಲೇಪ ಒಂದು ಬಗೆಯ ಪ್ಲಾಸ್ಟಿಕ್ ಮಾತ್ರ. ಒಣಧೂಳನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಉಪ್ಪುಕಾಗದದಿಂದ ಮೆಲ್ಲನೆ ಉಜ್ಜಿದಂತೆಯೇ ಸರಿ. ಒಂದೇ ಬಕೆಟ್ಟು ನೀರಿನಲ್ಲಿ ಹತ್ತು ಕಾರುಗಳನ್ನು ಒರೆಸಿದರೂ ಹೀಗೆಯೇ ಆಗುತ್ತದೆ. ಆದರೆ ಆ ತರುಣನಿಗೆ ಒಂದೇ ಬಕೆಟ್ಟು ನೀರು ಕೊಡುತ್ತಿದ್ದವರೂ ನಾವೇ.

ಕೂದಲೆಳೆಯಷ್ಟು ಆಸ್ತಿ

ಗೀರುಗಳನ್ನು ಹೋಗಲಾಡಿಸುವ ಮುನ್ನ ನಮ್ಮ ಕೈಯಲ್ಲಿರುವ ಆಸ್ತಿಯೆಷ್ಟೆಂಬುದನ್ನು ತಿಳಿಯಬೇಕು. ಮೊದಮೊದಲು ಕಾರುಗಳಿಗೆ ಎಣ್ಣೆಯ ವಾರ್ನಿಷನ್ನು ಹಲವು ಸಲ ಬಳಿಯುತ್ತಿದ್ದರು. ಅದು ಒಣಗಲು ವಾರಗಳೇ ಹಿಡಿಯುತ್ತಿತ್ತು. 1920ರ ದಶಕದಲ್ಲಿ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಲೇಪಗಳು ಬಂದುವು. ಆ ಕಾಲದ ಕಾರುಗಳಲ್ಲಿ ಬಣ್ಣವೇ ಹೊರಮೈ; ಪಾಲಿಶ್ ಮಾಡಿದರೆ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿತ್ತು. ಇಂದಿನ ಬಹುತೇಕ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪ — ಹೀಗೆ ಪದರಗಳಿವೆ. ಎಲ್ಲವೂ ಸೇರಿ ಸುಮಾರು 100 ರಿಂದ 150 ಮೈಕ್ರಾನ್. ಪಾರದರ್ಶಕ ಲೇಪದ ಪಾಲು ಸಾಮಾನ್ಯವಾಗಿ 40 ರಿಂದ 50 ಮೈಕ್ರಾನ್. ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಲ್ಲ. ಸೂರ್ಯನ ಅತಿನೇರಳೆ ಕಿರಣಗಳಿಂದ ಒಳಗಿನ ಬಣ್ಣವನ್ನು ಕಾಯುವುದೂ ಈ ಪದರವೇ. ಇದು ಮತ್ತೆ ಬೆಳೆಯುವುದಿಲ್ಲ.

ಪಾಲಿಶ್ ಕಳೆಯುತ್ತದೆ

ಪಾಲಿಶ್ ಮಾಡುವುದೆಂದರೆ ಗೀರಿನ ತಗ್ಗನ್ನು ತುಂಬುವುದಲ್ಲ. ತಗ್ಗಿನ ಸುತ್ತಲಿನ ದಿಣ್ಣೆಯನ್ನು ತಗ್ಗಿನ ಮಟ್ಟಕ್ಕೆ ಸವೆಯಿಸುವುದು. ಪಾಲಿಶ್ ಡಬ್ಬಿಯಲ್ಲಿರುವುದು ಬಹುಮಟ್ಟಿಗೆ ಅಲ್ಯೂಮಿನಿಯಮ್ ಆಕ್ಸೈಡಿನಂಥ ಗಡುಸು ವಸ್ತುವಿನ ನುಣುಪಾದ ಪುಡಿ. ಬೆಣಚಿಗಿಂತಲೂ ಗಡುಸಾದ ಪುಡಿ ಮೆರುಗು ತರುವುದು ಹೇಗೆ? ಇದಕ್ಕೆ ನ್ಯೂಟನ್ 1704ರಲ್ಲಿ ಪ್ರಕಟಿಸಿದ ‘ಆಪ್ಟಿಕ್ಸ್’ ಗ್ರಂಥದಲ್ಲಿಯೇ ಉತ್ತರವಿದೆ. ಪುಡಿ ಎಷ್ಟೇ ನುಣುಪಾಗಿರಲಿ ಅದು ಗಾಜನ್ನು ಗೀರಿಯೇ ಸವೆಯಿಸಬಲ್ಲುದು. ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾದಾಗ ಅದನ್ನೇ ನಾವು ಮೆರುಗೆನ್ನುತ್ತೇವೆ ಎಂಬುದು ಆತನ ವಿಚಾರ. ಪಾಲಿಶ್ ಮಾಡುವವನು ದೊಡ್ಡ ಗೀರುಗಳನ್ನು ಕೊಟ್ಟು ಕಾಣದ ಗೀರುಗಳನ್ನು ಕೊಳ್ಳುತ್ತಾನೆ. ಈ ವ್ಯಾಪಾರದಲ್ಲಿ ಪ್ರತಿಸಲವೂ ಒಂದೆರಡು ಮೈಕ್ರಾನ್, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಖರ್ಚಾಗುತ್ತದೆ.

ಈ ಲೆಕ್ಕವನ್ನು ನಾವು ಕಷ್ಟಪಟ್ಟು ಕಲಿತೆವು. ಬಳೆಗಳನ್ನೆಲ್ಲ ಒಂದೇ ದಿನದಲ್ಲಿ ಅಳಿಸಿಬಿಡುವ ಹುರುಪಿನಿಂದ ಸ್ನೇಹಿತರೊಬ್ಬರ ವಿದ್ಯುತ್ ಪಾಲಿಶ್ ಯಂತ್ರವನ್ನು ಎರವಲು ತಂದೆವು. ಬಾನೆಟ್ಟಿನ ಸಮತಟ್ಟಾದ ಭಾಗ ಕನ್ನಡಿಯಂತಾಯಿತು. ಹಿಗ್ಗಿನಿಂದ ಅಂಚಿನ ಏಣಿನ ಮೇಲೂ ಯಂತ್ರವನ್ನು ಒತ್ತಿ ಹಿಡಿದೆವು. ಬಲ ಅಷ್ಟೇ ಇದ್ದರೂ ಅದು ಬೀಳುವ ವಿಸ್ತೀರ್ಣ ಕಿರಿದಾದರೆ ಒತ್ತಡ ಹೆಚ್ಚುತ್ತದೆಂಬುದು ಶಾಲೆಯ ಪಾಠ. ಅಂಚಿನಲ್ಲಿ ಲೇಪವೂ ತೆಳುವು. ಕೆಲವೇ ಕ್ಷಣಗಳಲ್ಲಿ ಬಿಳಿಯ ಪ್ಯಾಡಿಗೆ ಕಪ್ಪು ಬಣ್ಣ ಹತ್ತಿತು. ಪಾರದರ್ಶಕ ಲೇಪ ಅಲ್ಲಿ ಮುಗಿದಿತ್ತು. ಆ ಬೆರಳಗಲದ ಮಾಸಿದ ಗುರುತು ಈಗಲೂ ಇದೆ. ಯಾವ ಪಾಲಿಶೂ ಅದನ್ನು ಸರಿಪಡಿಸಲಾರದು, ಹೊಸ ಬಣ್ಣವೇ ಆಗಬೇಕು.

ಮೇಣ ಸೇರಿಸುತ್ತದೆ

ಮೇಣದ ಕೆಲಸ ಇದಕ್ಕೆ ವಿರುದ್ಧವಾದುದು. ಅದು ಏನನ್ನೂ ತೆಗೆಯುವುದಿಲ್ಲ. ಮೇಲೊಂದು ತೀರ ತೆಳುವಾದ ಹೊದಿಕೆಯನ್ನು ಸೇರಿಸುತ್ತದೆ. ಇದಕ್ಕೆ ಹೆಸರಾದುದು ಕಾರ್ನೋಬಾ ಮೇಣ. ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ಬಗೆಯ ತಾಳೆಯ ಗರಿಗಳ ಮೇಲೆ ಇದು ದೊರೆಯುತ್ತದೆ. ಒಣ ಹವೆಯಲ್ಲಿ ಗರಿಯ ನೀರು ಆವಿಯಾಗದಂತೆ ಕಾಯುತ್ತದೆ. ಜೇನುಮೇಣ ಸುಮಾರು 62 ರಿಂದ 65 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿದರೆ ಇದು ಕರಗಲು ಸುಮಾರು 82 ರಿಂದ 86 ಡಿಗ್ರಿ ಬೇಕು. ಬಿಸಿಲಿನಲ್ಲಿ ಕಾಯುವ ಕಾರಿಗೆ ಅದು ಒಪ್ಪುವುದು ಇದರಿಂದಲೇ.

ಮೇಣ ಬಳಿದೊಡನೆ ಸಣ್ಣ ಗೀರುಗಳು ಮಾಯವಾಗುವುದುಂಟು. ಸ್ನಾನದ ಮನೆಯ ಕಿಟಕಿಯ ಮಬ್ಬುಗಾಜಿನ ಒರಟು ಮೈಗೆ ನೀರು ಹಚ್ಚಿ ನೋಡಿ. ಆ ಜಾಗದಲ್ಲಿ ಗಾಜು ತಿಳಿಯಾಗುತ್ತದೆ. ಗಾಳಿಗಿಂತ ನೀರಿನ ವಕ್ರೀಭವನಾಂಕ ಗಾಜಿನದಕ್ಕೆ ಹತ್ತಿರವಾಗಿರುವುದರಿಂದ ಒರಟು ಮೈಯಲ್ಲಿ ಬೆಳಕು ಚೆದರುವುದು ಕಡಮೆಯಾಗುತ್ತದೆ. ಮೇಣದ ವಕ್ರೀಭವನಾಂಕ ಪಾರದರ್ಶಕ ಲೇಪದ್ದಕ್ಕೆ ಇನ್ನೂ ಹತ್ತಿರ. ಆದುದರಿಂದ ಗೀರಿನೊಳಗೆ ತುಂಬಿದ ಮೇಣ ಗೀರನ್ನು ಮರೆಸುತ್ತದೆ. ಮರೆಸುತ್ತದೆಯೇ ಹೊರತು ವಾಸಿಮಾಡುವುದಿಲ್ಲ; ಮೇಣ ತೊಳೆದುಹೋದೊಡನೆ ಗೀರು ಮತ್ತೆ ಕಾಣುತ್ತದೆ.

ಮೇಣದ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಹನಿಗಟ್ಟುತ್ತದೆ. ನೀರಿನ ಅಣುಗಳು ಮೇಣಕ್ಕೆ ಅಂಟುವುದಕ್ಕಿಂತ ತಮ್ಮ ತಮ್ಮಲ್ಲಿ ಕೂಡಿರಲು ಹೆಚ್ಚಾಗಿ ಎಳೆಯಲ್ಪಡುವುದೇ ಇದಕ್ಕೆ ಕಾರಣ. ನೋಡಲು ಇದು ಚೆಂದ. ಆದರೆ ನಮ್ಮ ಕೊಳವೆಬಾವಿಗಳ ಗಡಸುನೀರು ಹೀಗೆ ಹನಿಯಾಗಿ ನಿಂತು ಆರಿದರೆ, ಅದರಲ್ಲಿದ್ದ ಸುಣ್ಣದ ಲವಣಗಳೆಲ್ಲ ಒಂದು ಪುಟ್ಟ ಉಂಗುರದಲ್ಲಿ ಉಳಿದುಬಿಡುತ್ತವೆ. ಮೇಣ ಹಚ್ಚಿದ ಕಾರನ್ನೂ ತೊಳೆದೊಡನೆ ಒರೆಸಿ ಆರಿಸಲೇಬೇಕು.

ಮನೆಯಲ್ಲಿ ಮಾಡುವ ಬಗೆ

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ಕೆಲಸ ತೊಡಗಬೇಕು. ಮೊದಲು ಬರಿಯ ನೀರನ್ನು ಧಾರಾಳವಾಗಿ ಸುರಿದು ಮರಳು ಧೂಳನ್ನು ಇಳಿಸಬೇಕು. ಬಟ್ಟೆ ಮುಟ್ಟುವುದು ಆಮೇಲೆ. ಎರಡು ಬಕೆಟ್ಟುಗಳಿರಲಿ: ಒಂದರಲ್ಲಿ ಕಾರಿಗೆಂದೇ ತಯಾರಾದ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ ತೊಳೆದು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ ಒರೆಸಬೇಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಳಸಬಾರದು.

ಅನಂತರ ಗೀರಿನ ಮೇಲೆ ಉಗುರಾಡಿಸಿ ನೋಡಬೇಕು. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶಿಗೆ ಮೀರಿದ್ದು. ಅದನ್ನು ಬಿಟ್ಟುಬಿಡುವುದೇ ಜಾಣತನ. ಉಳಿದುವಕ್ಕೆ ಅತ್ಯಂತ ನುಣುಪಾದ ಪಾಲಿಶನ್ನೇ ಆರಿಸಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಒಂದೊಂದು ಸಲಕ್ಕೆ ಎರಡು ಅಡಿ ಚೌಕದಷ್ಟು ಜಾಗವನ್ನು ಕೈಯಿಂದಲೇ ಉಜ್ಜಬೇಕು. ಏಣು ಅಂಚುಗಳಿಂದ ದೂರವಿರಬೇಕು. ಗೀರುಗಳು ಹೆಚ್ಚಾಗಿ ಕಾಣದಿದ್ದರೆ ಪಾಲಿಶಿನ ಗೊಡವೆಯೇ ಬೇಡ. ಮೇಣವನ್ನು ಆದಷ್ಟು ತೆಳುವಾಗಿ ಬಳಿದು, ಮಬ್ಬಾದ ಮೇಲೆ ಶುದ್ಧವಾದ ಬಟ್ಟೆಯಿಂದ ಒರೆಸಿ ತೆಗೆದರೆ ಸಾಕು. ದಪ್ಪವಾಗಿ ಬಳಿದರೆ ಹೆಚ್ಚಿನದೆಲ್ಲ ಬಟ್ಟೆಗೇ ಹೋಗುತ್ತದೆ. ಕೆಲವು ವಾರಗಳಲ್ಲಿ ಅದು ಸವೆಯುತ್ತದೆ; ಆಗ ಮತ್ತೆ ಬಳಿಯಬಹುದು. ಮೇಣಕ್ಕೆ ಲೆಕ್ಕವಿಲ್ಲ, ಪಾಲಿಶಿಗೆ ಲೆಕ್ಕವುಂಟು.

ಮರುದಿನ ಬೆಳಗ್ಗೆ ಆ ತರುಣ ಬಂದಾಗ ಅವನನ್ನು ಬಾನೆಟ್ಟಿನ ಪಕ್ಕದಲ್ಲಿ ನಿಲ್ಲಿಸಿ, ಉಳಿದಿದ್ದ ಬಳೆಗಳು ತಲೆಯೊಡನೆ ಓಡಾಡುವುದನ್ನು ತೋರಿಸಿದೆವು. “ನೀನು ಹೇಳಿದ್ದೇ ಸರಿಯಪ್ಪಾ, ತಪ್ಪು ನಮ್ಮದು” ಎಂದೆವು. ಅವನು ತಲೆಯನ್ನು ಅತ್ತಿತ್ತ ಆಡಿಸಿ ಬಳೆಗಳನ್ನು ಎರಡು ಮೂರು ಸಲ ಓಡಾಡಿಸಿ ನಕ್ಕ. ಆಮೇಲೆ, “ಹಂಗಾದ್ರೆ ಇನ್ನೊಂದು ಬಕೆಟ್ ನೀರು ಕೊಡಿ ಸಾರ್” ಎಂದ. ಅಂದಿನಿಂದ ನಮ್ಮ ಅಂಗಳದಲ್ಲಿ ಎರಡು ಬಕೆಟ್ಟುಗಳಿವೆ.