ಕೋಣೆಗಿಂತ ಮೊದಲು ಕಡಲನ್ನು ಆರಿಸಿರಿ: ಸಮುದ್ರತೀರದ ಪ್ರವಾಸಕ್ಕೆ ಹೊರಡುವ ದಂಪತಿಗಳಿಗೆ

ಹೈದರಾಬಾದಿಗೆ ಕಡಲಿಲ್ಲ. ಗೋಲ್ಕೊಂಡದ ಕುತುಬ್ ಶಾಹಿ ಅರಸರಿಗೆ ಮಚಲೀಪಟ್ಟಣದ ಬಂದರಾದರೂ ಇತ್ತು. ನಿಜಾಮರ ಸಂಸ್ಥಾನವು ತನ್ನ ಕೊನೆಯ ದಿನಗಳಲ್ಲಿ ನಾಲ್ಕೂ ದಿಕ್ಕಿನಲ್ಲಿ ನೆಲದಿಂದಲೇ ಸುತ್ತುವರಿದಿತ್ತು. ಆ ಸಂಸ್ಥಾನಕ್ಕೆ ಸೇರಿದ್ದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಬಂದು ಹಿಮಾಯತ್‌ನಗರ, ನಾರಾಯಣಗುಡ, ಕಾಚಿಗುಡಗಳ ಸುತ್ತಮುತ್ತ ನೆಲೆಸಿದ ಕನ್ನಡ ಕುಟುಂಬಗಳಿಗೆ ಸಮುದ್ರವೆಂಬುದು ರಜೆ ಹಾಕಿ, ಹಣ ಕೂಡಿಟ್ಟು, ಪ್ರಯಾಣ ಮಾಡಿಯೇ ನೋಡಬೇಕಾದ ದೃಶ್ಯ. ಆದ್ದರಿಂದಲೇ ಹೊಸದಾಗಿ ಮದುವೆಯಾದವರು ಮಧುಚಂದ್ರಕ್ಕೆಂದೂ, ಮಕ್ಕಳನ್ನು ದಡ ಸೇರಿಸಿದ ಹಿರಿಯ ದಂಪತಿಗಳು ವಿಶ್ರಾಂತಿಗೆಂದೂ ಮೊದಲು ನೆನೆಯುವುದು ಕಡಲತೀರವನ್ನೇ.

ಆದರೆ ಆಯ್ಕೆ ಮಾಡುವ ವಿಧಾನದಲ್ಲಿ ನಾವು ಒಂದು ಹೆಜ್ಜೆಯನ್ನು ಬಿಟ್ಟುಬಿಡುತ್ತೇವೆ. ನಾಲ್ಕಾರು ರೆಸಾರ್ಟುಗಳ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಈಜುಕೊಳ, ಮಂಚ, ರಿಯಾಯಿತಿ ದರಗಳನ್ನು ಹೋಲಿಸುತ್ತೇವೆ. ಆ ತಿಂಗಳಲ್ಲಿ ಆ ಕಡಲು ಹೇಗಿರುತ್ತದೆ, ಆ ತೀರದಲ್ಲಿ ನೀರಿಗೆ ಇಳಿಯಬಹುದೇ, ಅಲ್ಲಿಗೆ ತಲುಪಲು ಎಷ್ಟು ದಿನ ಬೇಕು ಎಂಬ ಪ್ರಶ್ನೆಗಳನ್ನು ಕೇಳುವ ಹೊತ್ತಿಗೆ ಮುಂಗಡ ಹಣ ಸಂದಾಯವಾಗಿರುತ್ತದೆ. ತಿಂಗಳು, ತೀರ, ದಾರಿ, ಕೋಣೆ ಎಂಬ ಕ್ರಮದಲ್ಲಿ ಯೋಚಿಸಿದರೆ ಹಣ ಉಳಿಯುತ್ತದೆ. ಕೆಲವೊಮ್ಮೆ ಪ್ರಾಣವೂ ಉಳಿಯುತ್ತದೆ.

ಮೊದಲು ತಿಂಗಳು

ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ವೈಶಾಖ, ಜ್ಯೇಷ್ಠ ಮಾಸಗಳಲ್ಲಿ ನಡೆಯುತ್ತವೆ. ಆಷಾಢದಲ್ಲಿ ಸೊಸೆ ತವರಿಗೆ ಹೋಗುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿದೆ. ಹೀಗಾಗಿ ಹೊಸ ದಂಪತಿಗಳಿಗೆ ಬಿಡುವು ದೊರೆಯುವುದು ಒಂದೋ ಮೇ ಕೊನೆಯಲ್ಲಿ, ಇಲ್ಲವೇ ಶ್ರಾವಣದಲ್ಲಿ. ಇವೆರಡೂ ಪಶ್ಚಿಮ ಕರಾವಳಿಗೆ ಒಪ್ಪದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತಗಳು ಅರಬ್ಬೀ ಸಮುದ್ರವನ್ನು ಕದಡಿಬಿಡುತ್ತವೆ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ದೋಣಿಗಳು ಹೋಗುವುದಿಲ್ಲ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ನೀರಿನಾಳಕ್ಕೆ ಇಳಿಸುವ ಸ್ಕೂಬಾ ಚಟುವಟಿಕೆಯೂ ನಿಂತಿರುತ್ತದೆ. ರೆಸಾರ್ಟಿನವರು ಅರ್ಧ ದರಕ್ಕೆ ಕೋಣೆ ಕೊಡುವುದು ಇದೇ ಕಾರಣಕ್ಕೆ. ಮಳೆಯನ್ನು ವರಾಂಡದಲ್ಲಿ ಕುಳಿತು ನೋಡುವುದೇ ನಿಮ್ಮ ಸಂತೋಷವಾದರೆ ಆ ಅರ್ಧ ದರ ಲಾಭವೇ ಸರಿ. ನೀರಿಗಿಳಿಯುವ ಆಸೆಯಿದ್ದರೆ ಅದು ನಷ್ಟ. ಪಶ್ಚಿಮ ತೀರಕ್ಕೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲವೇ ಉತ್ತಮ.

ಪೂರ್ವ ಕರಾವಳಿಯ ಲೆಕ್ಕ ಬೇರೆ. ಹೈದರಾಬಾದಿನವರು ವಾರಾಂತ್ಯದಲ್ಲಿ ರಾತ್ರಿ ಕಾರು ಹತ್ತಿ ಬೆಳಗಾಗುವಷ್ಟರಲ್ಲಿ ತಲುಪುವ ತೀರವೆಂದರೆ ಬಾಪಟ್ಲದ ಸೂರ್ಯಲಂಕ. ಅಲ್ಲಿ ಭಯ ಜುಲೈಯದಲ್ಲ, ವರ್ಷದ ಕೊನೆಯದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳು ಏಳುವ ಕಾಲ. 2023ರ ಡಿಸೆಂಬರ್ 5ರಂದು ಮಿಚಾಂಗ್ ಚಂಡಮಾರುತ ನೆಲಕ್ಕೆ ಅಪ್ಪಳಿಸಿದ್ದು ಬಾಪಟ್ಲದ ಸಮೀಪದಲ್ಲಿಯೇ. ಸಂಕ್ರಾಂತಿಯ ನಂತರ ಬೇಸಗೆ ಬಲಿಯುವವರೆಗಿನ ದಿನಗಳು ಆ ತೀರಕ್ಕೆ ಹಿತಕರ.

ಅಂಡಮಾನಿಗೆ ಡಿಸೆಂಬರ್‌ನಿಂದ ಏಪ್ರಿಲ್, ಮಾಲ್ಡೀವ್ಸಿಗೂ ಸರಿಸುಮಾರು ಅದೇ ಕಾಲ ಒಣಹವೆಯದು. ಬಾಲಿ ದ್ವೀಪ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ. ಜೂನ್ ಅಥವಾ ಜುಲೈಯಲ್ಲಿಯೇ ಹೋಗಬೇಕಾದ ದಂಪತಿಗಳಿಗೆ ಬಾಲಿ ಒಪ್ಪುವುದು ಈ ಭೂಗೋಳದ ಕಾರಣದಿಂದ. ಅದೇ ತಿಂಗಳಲ್ಲಿ ಥಾಯ್ಲೆಂಡಿನ ಪಶ್ಚಿಮ ತೀರದ ಫುಕೆಟ್‌ನಲ್ಲಿ ಮಳೆ ಸುರಿಯುತ್ತಿದ್ದರೆ, ಪೂರ್ವಕ್ಕಿರುವ ಕೊ ಸಮುಯಿಯಲ್ಲಿ ಬಿಸಿಲು ಇರುವುದು ಸಾಮಾನ್ಯ.

ನಂತರ ತೀರದ ಸ್ವಭಾವ

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವಲ್ಲ, ಪ್ರವಾಸಕ್ಕೆ ಪ್ರಶಸ್ತವೆಂದು ಎಲ್ಲರೂ ಹೇಳುವ ತಿಂಗಳು. ಬಯಲುಸೀಮೆಯಿಂದ ಬರುವ ನಾವು ಈ ದುರಂತದಿಂದ ಕಲಿಯಬೇಕಾದದ್ದು ಒಂದಿದೆ. ಕೆರೆಯ ನೀರಿನ ಅನುಭವ ಕಡಲಿಗೆ ಸಾಲದು.

ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲು ಒಂದು ಕಿರಿದಾದ ಹಾದಿಯನ್ನು ಹುಡುಕಿಕೊಳ್ಳುತ್ತದೆ. ಆ ಹಾದಿಯಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲವಾದ್ದರಿಂದ ನೀರು ಅಲ್ಲಿ ಶಾಂತವಾಗಿ ತೋರುತ್ತದೆ. ಹೊಸಬರು ಅದೇ ಸುರಕ್ಷಿತ ಜಾಗವೆಂದು ಭಾವಿಸಿ ಅಲ್ಲಿಯೇ ಇಳಿಯುತ್ತಾರೆ. ನುರಿತ ಈಜುಗಾರನೂ ಆ ಸೆಳವಿಗೆ ಎದುರಾಗಿ ಈಜಿ ದಡ ಸೇರಲಾರ. ಸಿಕ್ಕಿಕೊಂಡವರು ಗಾಬರಿಯಾಗದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳವಿನಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಈಜು ಬಾರದವರು ತೇಲುತ್ತ ಕೈಯೆತ್ತಿ ಕೂಗಬೇಕು. ಬಂಡೆಗಳ ಪಕ್ಕದಲ್ಲಿಯೂ, ನದಿ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿಯೂ ಸೆಳವು ಹೆಚ್ಚು.

ಆದುದರಿಂದ ಜೀವರಕ್ಷಕರಿರುವ ತೀರಕ್ಕೆ ಆದ್ಯತೆ ಕೊಡುವುದು ಜಾಣತನ. ಗೋವಾದಲ್ಲಿ 2008ರಿಂದ ತೀರಗಳಿಗೆ ವ್ಯವಸ್ಥಿತ ಜೀವರಕ್ಷಕ ಪಡೆಯಿದೆ. ಕರ್ನಾಟಕದಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು ತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ನೀರಿನ ಶುದ್ಧತೆ, ಶೌಚಾಲಯ, ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯಿದು.

ರೆಸಾರ್ಟಿನ ಆವರಣದೊಳಗೆ ಇದ್ದರೆ ಅಪಾಯವಿಲ್ಲವೆಂಬ ಭಾವನೆಯೂ ಸರಿಯಲ್ಲ. 2024ರ ನವೆಂಬರ್ 17ರಂದು ಮಂಗಳೂರಿನ ಬಳಿ ಸೋಮೇಶ್ವರ ಉಚ್ಚಿಲದ ಸಮುದ್ರತೀರದ ರೆಸಾರ್ಟೊಂದರಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿದ್ದು ಕಡಲಿನಲ್ಲಲ್ಲ, ಈಜುಕೊಳದಲ್ಲಿ.

ಕಡಲ್ಕೊರೆತವನ್ನೂ ಗಮನಿಸಬೇಕು. ಉಳ್ಳಾಲದಂಥ ಕಡೆಗಳಲ್ಲಿ ಕಡಲು ಮರಳನ್ನು ನುಂಗಿ, ತಡೆಗಾಗಿ ಸುರಿದ ಕಪ್ಪು ಬಂಡೆಗಳಷ್ಟೇ ಉಳಿದಿರುವ ಜಾಗಗಳಿವೆ. ಐದು ವರ್ಷದ ಹಿಂದಿನ ಚಿತ್ರದಲ್ಲಿ ಕಾಣುವ ವಿಶಾಲವಾದ ಮರಳು ಇಂದು ಅಲ್ಲಿರಬೇಕೆಂದಿಲ್ಲ.

ದಾರಿಯ ಲೆಕ್ಕ

ಹಿಮಾಯತ್‌ನಗರದ ನಿವಾಸಿಗಳಿಗೆ ಕಾಚಿಗುಡ ರೈಲು ನಿಲ್ದಾಣ ಕೂಗಳತೆಯಲ್ಲಿದೆ. ಅಲ್ಲಿಂದ ಮಂಗಳೂರಿಗೆ ಹೋಗುತ್ತಿದ್ದ ಎಕ್ಸ್‌ಪ್ರೆಸ್ ರೈಲನ್ನು 2024ರ ಅಕ್ಟೋಬರ್‌ನಲ್ಲಿ ಮುರುಡೇಶ್ವರದವರೆಗೆ ವಿಸ್ತರಿಸಲಾಯಿತು. ಉಡುಪಿ, ಕುಂದಾಪುರಗಳಿಗೆ ಗಾಡಿ ಬದಲಿಸದೆ ಹೋಗುವ ಅನುಕೂಲ ಇದರಿಂದ ಒದಗಿತು. ಆದರೆ ಈ ರೈಲು ಕೇರಳವನ್ನು ಬಳಸಿಕೊಂಡು ಬರುವುದರಿಂದ ಮಂಗಳೂರು ತಲುಪಲೇ ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ಅದೇ ತಿಂಗಳು ಆರಂಭವಾದ ಸಿಕಂದರಾಬಾದ್-ವಾಸ್ಕೊ ಡ ಗಾಮ ರೈಲು ಬಳ್ಳಾರಿ, ಗದಗ, ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ಒಂದು ದಿನದೊಳಗೆ ಗೋವಾ ಮುಟ್ಟಿಸುತ್ತದೆ. ಮಡಗಾಂವಿನಲ್ಲಿ ಇಳಿದರೆ ಕಾರವಾರ ಅಲ್ಲಿಂದ ಹತ್ತಿರ. ಹೀಗಾಗಿ ರೈಲಿನಲ್ಲಿ ಹೋಗುವ ಹೈದರಾಬಾದಿನವರಿಗೆ ಉತ್ತರ ಕನ್ನಡದ ತೀರ ದಕ್ಷಿಣ ಕನ್ನಡದ ತೀರಕ್ಕಿಂತ ಸಮೀಪವೆಂದಾಯಿತು. ಎರಡೂ ರೈಲುಗಳು ಪ್ರತಿದಿನ ಓಡುವಂಥವಲ್ಲ. ರಜೆ ಹಾಕುವ ಮೊದಲು ವಾರದ ದಿನಗಳನ್ನು ನೋಡಿಕೊಳ್ಳಬೇಕು.

ನಾಲ್ಕು ದಿನದ ರಜೆಯಲ್ಲಿ ಎರಡು ದಿನ ಗಾಡಿಯಲ್ಲಿಯೇ ಕಳೆಯುವುದಾದರೆ ವಿಮಾನದ ಖರ್ಚು ದುಬಾರಿಯೆನಿಸದು. ಎಂಟು ದಿನದ ರಜೆಯಿದ್ದರೆ ರೈಲೇ ಸೊಗಸು.

ಯಾರಿಗೆ ಯಾವ ತೀರ?

ಇಬ್ಬರೇ ಕುಳಿತು ಮಾತನಾಡುವ ಏಕಾಂತ ಬೇಕೆನ್ನುವವರಿಗೆ ಕಾರವಾರದ ದೇವಬಾಗ ಒಪ್ಪುತ್ತದೆ. ಕಾಳಿ ನದಿ ಕಡಲನ್ನು ಸೇರುವೆಡೆ, ಗಾಳಿಮರಗಳ ನೆರಳಿನಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ವಿಹಾರಧಾಮ ನಿರ್ಮಿಸಿದೆ. ಯುವಕ ರವೀಂದ್ರನಾಥ ಠಾಕೂರರು 1880ರ ದಶಕದಲ್ಲಿ, ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನವರ ಬಳಿ ಕೆಲಕಾಲ ಇದ್ದು ನಾಟಕ ಬರೆದ ಊರು ಈ ಕಾರವಾರ.

ನಡೆಯಲು ಉತ್ಸಾಹವಿರುವ ಯುವ ಜೋಡಿಗಳಿಗೆ ಗೋಕರ್ಣ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಗುಡ್ಡದ ಕಾಲುದಾರಿಯೊಂದು ಜೋಡಿಸುತ್ತದೆ. ಮೊಣಕಾಲು ನೋವಿರುವ ಹಿರಿಯರಿಗೆ ಆ ಮೆಟ್ಟಿಲು, ಇಳಿಜಾರುಗಳು ಒಳ್ಳೆಯವಲ್ಲ. ಅಂಥವರಿಗೆ ಮುರುಡೇಶ್ವರ ಅನುಕೂಲ: ದೇವಾಲಯ, ಕಡಲು, ವಸತಿ ಒಂದೇ ಕಡೆ, ಆದರೆ ಹಬ್ಬ, ವಾರಾಂತ್ಯಗಳಲ್ಲಿ ಜನಜಂಗುಳಿ. ಕುಂದಾಪುರದ ಬಳಿಯ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನೋಡಲು ರಮ್ಯ, ಈಜಲು ಅಪಾಯಕರ. ಅಲ್ಲಿಂದ ಶಿವರಾಮ ಕಾರಂತರ ಹುಟ್ಟೂರು ಕೋಟಕ್ಕೂ, ಉಡುಪಿ ಕೃಷ್ಣಮಠಕ್ಕೂ ಒಂದೇ ದಿನದಲ್ಲಿ ಹೋಗಿಬರಬಹುದು.

ಐಷಾರಾಮ ಬೇಕು, ವಿದೇಶ ಬೇಡವೆನ್ನುವವರು ಕಾಸರಗೋಡಿನ ಬೇಕಲವನ್ನು ಪರಿಶೀಲಿಸಬಹುದು. ಕೆಳದಿಯ ಶಿವಪ್ಪನಾಯಕ ಕಟ್ಟಿಸಿದನೆನ್ನಲಾಗುವ ಕೋಟೆಯ ಆಸುಪಾಸಿನಲ್ಲಿ ದೊಡ್ಡ ಹೋಟೆಲ್ ಸಮೂಹಗಳ ರೆಸಾರ್ಟುಗಳಿವೆ. ಕಾಚಿಗುಡದ ರೈಲು ಕಾಸರಗೋಡಿನ ಮೂಲಕವೇ ಹಾದುಹೋಗುತ್ತದೆ.

ದ್ವೀಪಗಳಿಗೆ ಹೋಗುವುದಾದರೆ

ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ 2018ರವರೆಗೆ ಹ್ಯಾವ್ಲಾಕ್ ಎನಿಸಿಕೊಂಡಿದ್ದ ದ್ವೀಪದ ರಾಧಾನಗರ ತೀರ ದೇಶದ ಅತ್ಯಂತ ಸುಂದರ ತೀರಗಳಲ್ಲೊಂದು. ಆದರೆ ವಿಮಾನವಿಳಿದ ಪೋರ್ಟ್ ಬ್ಲೇರ್‌ನಿಂದ, ಅಂದರೆ 2024ರಲ್ಲಿ ಶ್ರೀವಿಜಯಪುರವೆಂದು ಹೆಸರು ಪಡೆದ ಊರಿನಿಂದ, ಮತ್ತೆ ಹಡಗು ಹತ್ತಬೇಕು. ಗಾಳಿ ಹೆಚ್ಚಾದರೆ ಹಡಗು ರದ್ದಾಗುತ್ತದೆ. ಹಿಂದಿರುಗುವ ವಿಮಾನದ ಹಿಂದಿನ ರಾತ್ರಿ ಶ್ರೀವಿಜಯಪುರದಲ್ಲಿಯೇ ತಂಗುವುದು ಕ್ಷೇಮ.

ಮಾಲ್ಡೀವ್ಸಿನಲ್ಲಿ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು. ಏಕಾಂತ ಸಂಪೂರ್ಣ, ಆದರೆ ಊಟಕ್ಕೂ ನೀರಿಗೂ ಆ ಒಂದೇ ರೆಸಾರ್ಟನ್ನು ಅವಲಂಬಿಸಬೇಕು. ಮಾಲೆಯ ವಿಮಾನ ನಿಲ್ದಾಣದಿಂದ ಅಲ್ಲಿಗೆ ಒಯ್ಯುವ ವೇಗದ ದೋಣಿ ಅಥವಾ ಸಮುದ್ರ ವಿಮಾನದ ದರ ಕೋಣೆಯ ಬಾಡಿಗೆಯಲ್ಲಿ ಅನೇಕ ವೇಳೆ ಸೇರಿರುವುದಿಲ್ಲ. ಸಮುದ್ರ ವಿಮಾನ ಹಗಲಿನಲ್ಲಿ ಮಾತ್ರ ಹಾರುತ್ತದೆ. ಸಂಜೆ ಬಂದಿಳಿದವರು ಮಾಲೆಯ ಆಸುಪಾಸಿನಲ್ಲಿ ಒಂದು ರಾತ್ರಿ ಉಳಿಯಬೇಕಾಗುತ್ತದೆ. ಸ್ಥಳೀಯರು ವಾಸಿಸುವ ದ್ವೀಪಗಳ ಅತಿಥಿಗೃಹಗಳು ಬಹಳ ಅಗ್ಗ. ಅಲ್ಲಿ ಮದ್ಯಕ್ಕೆ ನಿಷೇಧವೂ ಉಡುಪಿಗೆ ಕಟ್ಟುಪಾಡೂ ಇದೆ.

ಕೊನೆಗೆ ಕೋಣೆ

ದರಪಟ್ಟಿಯಲ್ಲಿ ಕಾಣುವ ಸಿಪಿ ಎಂದರೆ ಬೆಳಗಿನ ಉಪಾಹಾರ ಮಾತ್ರ. ಎಂಎಪಿ ಎಂದರೆ ಉಪಾಹಾರದೊಡನೆ ಒಂದು ಊಟ. ಎಪಿ ಎಂದರೆ ಮೂರೂ ಹೊತ್ತು. ಸುತ್ತ ಹೋಟೆಲುಗಳಿರುವ ಗೋಕರ್ಣ, ಉಡುಪಿಗಳಲ್ಲಿ ಸಿಪಿ ಸಾಕು. ಹೊರಗೆ ಊಟ ಸಿಗದ ದ್ವೀಪದಲ್ಲಿ ಎಪಿ ಇಲ್ಲದೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ನಮ್ಮ ದೇಶದಲ್ಲಿ ದಿನದ ಬಾಡಿಗೆ 7,500 ರೂಪಾಯಿ ಮೀರಿದರೆ ಜಿಎಸ್‌ಟಿ ಶೇಕಡ 18. 2025ರ ಸೆಪ್ಟೆಂಬರ್ 22ರಿಂದ ಅದಕ್ಕಿಂತ ಕಡಿಮೆ ಬಾಡಿಗೆಗೆ ಶೇಕಡ 5. ಆದ್ದರಿಂದ 7,400ರ ಕೋಣೆಗೂ 7,600ರ ಕೋಣೆಗೂ ಅಂತರ ಇನ್ನೂರಲ್ಲ, ಸಾವಿರಕ್ಕೂ ಮೇಲೆ.

ಮುಂಗಡ ಕೊಡುವ ಮೊದಲು ಫೋನಿನಲ್ಲಿ ಕೇಳಬೇಕಾದವು ಇವು:

1. ಕೋಣೆಯಿಂದ ಮರಳಿಗೆ ಎಷ್ಟು ಹೆಜ್ಜೆ? ನಡುವೆ ರಸ್ತೆ ಅಥವಾ ಬಂಡೆಯ ತಡೆಗೋಡೆ ಇದೆಯೇ?
2. ನಾವು ಬರುವ ತಿಂಗಳಲ್ಲಿ ಅತಿಥಿಗಳು ಕಡಲಿಗೆ ಇಳಿಯುತ್ತಾರೆಯೇ?
3. ತೀರದಲ್ಲಿಯೂ ಈಜುಕೊಳದಲ್ಲಿಯೂ ಜೀವರಕ್ಷಕರು ಯಾವ ಹೊತ್ತಿನಲ್ಲಿ ಇರುತ್ತಾರೆ? ಕೊಳದ ಆಳವೆಷ್ಟು?
4. ಸಸ್ಯಾಹಾರಕ್ಕೆ ಪ್ರತ್ಯೇಕ ವ್ಯವಸ್ಥೆ ಇದೆಯೇ?
5. ಸಮೀಪದ ಆಸ್ಪತ್ರೆ ಎಷ್ಟು ದೂರ?
6. ಮಳೆ, ಚಂಡಮಾರುತದಿಂದ ಪ್ರಯಾಣ ರದ್ದಾದರೆ ಹಣ ಮರಳುವುದೇ?

ಎರಡನೆಯ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ ಬೇರೆ ತೀರವನ್ನು ನೋಡುವುದು ಒಳಿತು.

ಇಷ್ಟೆಲ್ಲವನ್ನೂ ಒಬ್ಬರೇ ನಿರ್ಧರಿಸಿ ಇನ್ನೊಬ್ಬರಿಗೆ ಅಚ್ಚರಿಯ ಉಡುಗೊರೆಯಾಗಿ ಕೊಡುವ ಉತ್ಸಾಹ ಕೆಲವರಿಗಿರುತ್ತದೆ. ಅದರಿಂದ ಒಬ್ಬರಿಗೆ ಗದ್ದಲ, ಇನ್ನೊಬ್ಬರಿಗೆ ಬೇಸರ ದೊರೆಯುವುದುಂಟು. ನೀರಿಗಿಳಿಯುವ ಆಸೆ ಯಾರಿಗೆ, ಸುಮ್ಮನೆ ಕುಳಿತಿರುವ ಆಸೆ ಯಾರಿಗೆ ಎಂಬುದನ್ನು ಗಂಡ ಹೆಂಡತಿ ಮೊದಲೇ ಮಾತನಾಡಿಕೊಂಡರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧಕ್ಕೆ ಪಂಚಾಂಗದ ಜೊತೆಗೆ ಹವಾಮಾನ ಇಲಾಖೆಯ ಸೂಚನೆಯನ್ನೂ ನೋಡಿ ಹೊರಡಿ. ಪ್ರಯಾಣ ಸುಖಕರವಾಗಲಿ.